ಬ್ಯಾಂಕಾಕ್‌ನ ಲಿಫ್ಟಿಲ್ಲದ ಗೆಸ್ಟ್‌ಹೌಸು: ಏಳು ಸಲ ಉಳ್ಕೊಂಡ ಮೇಲೆ ಬರೀತಿರೋದು

ಮೊದಲೇ ಹೇಳ್ಬಿಡ್ತೀನಿ, ನಾನು ಟೂರಿಗೆ ಅಂತ ಹೋಗೋಳಲ್ಲ. ಚಿಕ್ಕಬಳ್ಳಾಪುರದಲ್ಲಿ ನಮ್ಮದೊಂದು ಫ್ಯಾನ್ಸಿ ಸ್ಟೋರ್ ಇದೆ. ಕ್ಲಿಪ್ಪು, ಹೇರ್‌ಬ್ಯಾಂಡು, ಓಲೆ, ಮಕ್ಕಳ ಪರ್ಸು ಇಂಥವು. ಮುಂಚೆ ಬೆಂಗಳೂರು ಚಿಕ್ಕಪೇಟೆಯಿಂದ ತರ್ತಿದ್ವಿ, 2018ರಿಂದ ನಾನೂ ನಮ್ಮ ಓರಗಿತ್ತೀನೂ ಬ್ಯಾಂಕಾಕ್‌ಗೇ ಹೋಗಿ ನೋಡಿ ಆರಿಸ್ಕೊಂಡು ಕಾರ್ಗೋಗೆ ಹಾಕ್ಬಿಟ್ಟು ಬರ್ತೀವಿ, ಕೈಯಲ್ಲಿ ಸ್ಯಾಂಪಲ್ ಮಾತ್ರ. ದೇವನಹಳ್ಳಿ ಏರ್‌ಪೋರ್ಟು ಬೆಂಗಳೂರಿನ ಅರ್ಧ ಜನಕ್ಕಿಂತ ನಮಗೇ ಹತ್ರ ಅಲ್ವಾ, ಆಮೇಲೆ ನಾಲ್ಕು ಗಂಟೆ ಒಳಗೆ ಅಲ್ಲಿರ್ತೀವಿ. ಹಂಗಾಗಿ ನಾನು ರೂಮು ನೋಡೋದು ಕೆಲಸದ ಲೆಕ್ಕದಲ್ಲಿ, ಸ್ವಿಮ್ಮಿಂಗ್ ಪೂಲ್ ಲೆಕ್ಕದಲ್ಲಲ್ಲ. ಹನಿಮೂನಿಗೆ ಹೋಗೋರು ಇಲ್ಲಿಗೇ ಓದೋದು ನಿಲ್ಲಿಸ್ಬಹುದು.

ಈಗ ನಾವು ಉಳ್ಕೊಳ್ಳೋದು ಯಾವರಾತ್ ಅಂತ ಕರೀತಾರಲ್ಲ, ಚೈನಾಟೌನ್, ಅಲ್ಲಿನ ಒಂದು ಗಲ್ಲಿಯ ಗೆಸ್ಟ್‌ಹೌಸಲ್ಲಿ. ಹಳೇ ಅಂಗಡಿ ಮನೆ, ಕೆಳಗೆ ಮಳಿಗೆ ಮೇಲೆ ಮನೆ ಇರತ್ತಲ್ಲ ಆ ಥರದ್ದು, ಅದನ್ನೇ ಒಂಬತ್ತು ರೂಮು ಮಾಡಿದ್ದಾರೆ. ಹೆಸರು ಹಾಕಲ್ಲ, ಯಾಕಂದ್ರೆ ಇರೋದೇ ಒಂಬತ್ತು ರೂಮು, ನೀವೆಲ್ಲಾ ಹೋಗ್ಬಿಟ್ರೆ ನಮಗೆಲ್ಲಿ ಸಿಗತ್ತೆ. 2019ರ ಜನವರಿಯಿಂದ 2025ರ ಜುಲೈವರೆಗೂ ಏಳು ಸಲ, ಎಲ್ಲಾ ಸೇರಿ ಮೂವತ್ತಕ್ಕೂ ಮೇಲೆ ರಾತ್ರಿ ಮಲಗಿದ್ದೀವಿ ಅಲ್ಲಿ.

ಇಲ್ಲಿಗೆ ಬಂದು ಸೇರೋಕೆ ಮುಂಚೆ ಎರಡು ಕಡೆ ಕೈ ಸುಟ್ಕೊಂಡಿದ್ವಿ. 2018 ಜನವರಿ, ಮೊದಲನೇ ಸಲ, ಏರ್‌ಪೋರ್ಟಲ್ಲೇ ವೀಸಾಗೆ 2000 ಬಾತ್ (ಬಾತ್ ಅಂದ್ರೆ ಅಲ್ಲಿನ ದುಡ್ಡು) ಕಟ್ಟಿ, ಕ್ಯೂ ನಿಂತು ಸಾಕಾಗಿ, ಖಾವೋಸಾನ್ ರೋಡ್ ಹತ್ರ ಹೆಂಗಸರ ಡಾರ್ಮಿಟರಿಗೆ ಹೋಗಿ ಬಿದ್ವಿ. ಎಲ್ಲರೂ ಅಲ್ಲೇ ಚೀಪು ಅಂತ ಹೇಳಿದ್ರು, ಚೀಪೇ, ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ರಾತ್ರಿ ಎರಡು ಗಂಟೆವರೆಗೂ ಡಬ ಡಬ ಅಂತ ಮ್ಯೂಸಿಕ್ಕು, ಬಾಗಿಲಲ್ಲಿ ಮೆಟ್ರೋನೂ ಇಲ್ಲ ಸ್ಕೈಟ್ರೈನೂ ಇಲ್ಲ, ನಮಗೆ ಕೆಲಸ ಇರೋದು ಚೈನಾಟೌನಿನ ಹೋಲ್‌ಸೇಲ್ ಅಂಗಡಿಗಳ ಸಾಂಪೆಂಗ್ ಗಲ್ಲೀಲಿ, ದಿನಾ ಟುಕ್‌ಟುಕ್‌ನೋನ (ಅಲ್ಲಿನ ಆಟೋ) ಜೊತೆ ಜಗಳ. ಮೂರನೇ ದಿನಕ್ಕೆ ಗೊತ್ತಾಯ್ತು, ಹತ್ರದಲ್ಲೇ ಫ್ರಾ ಆತಿತ್ ಅಂತ ದೋಣಿಕಟ್ಟೆ ಇದೆ, ಕಿತ್ತಳೆ ಬಾವುಟದ ದೋಣಿ ಹತ್ತಿದ್ರೆ ಆಗ 15 ಬಾತ್‌ಗೆ ರಾಚವೋಂಗ್‌ವರೆಗೂ ಬಿಡ್ತಾನೆ, ಅಲ್ಲಿಂದ ಸಾಂಪೆಂಗ್ ನಡ್ಕೊಂಡೇ ಹೋಗ್ಬಹುದು. ಎರಡು ದಿನ ಟುಕ್‌ಟುಕ್‌ಗೆ ಕೊಟ್ಟಿದ್ದು ಲೆಕ್ಕ ಹಾಕಿದ್ರೆ ಡಾರ್ಮಿಟರಿ ಬಾಡಿಗೆಗಿಂತ ಜಾಸ್ತಿ ಆಗಿತ್ತು. ಇನ್ನೊಂದು, ನಮ್ಮ ಓರಗಿತ್ತಿ ಗೊರಕೆ ಹೊಡೀತಾಳೆ, ಬೆಳಗ್ಗೆ ಎದ್ದು ನೋಡಿದ್ರೆ ಅವಳ ದಿಂಬಿನ ಪಕ್ಕ ಯಾರೋ ಒಂದು ಜೊತೆ ಇಯರ್‌ಪ್ಲಗ್ ಇಟ್ಟು ಹೋಗಿದ್ರು. ಅವಳು ಫ್ರೀ ಗಿಫ್ಟು ಅಂದ್ಕೊಂಡು ಬ್ಯಾಗಿಗೆ ಹಾಕ್ಕೊಂಡ್ಲು, ನಾನು ಇವತ್ತಿನವರೆಗೂ ಹೇಳಿಲ್ಲ.

ಎರಡನೇ ಸಲ ಪ್ರತುನಾಮ್ ಕಡೆ. ಬಟ್ಟೆ ವ್ಯಾಪಾರದೋರಿಗೆ ಆ ಏರಿಯಾನೇ ಸರಿ, ಏರ್‌ಪೋರ್ಟ್ ರೈಲಲ್ಲಿ ರಾಚಪ್ರಾರೋಪ್ ಸ್ಟೇಷನ್ನಲ್ಲಿ ಇಳಿದ್ರೆ ನಡೆಯೋ ದೂರ. ಏರಿಯಾ ತಪ್ಪಿಲ್ಲ, ರೂಮು ತಪ್ಪಾಯ್ತು. ಫೋಟೋದಲ್ಲಿ ಹಾಲಿನಂಗೆ ಬೆಳ್ಳಗಿತ್ತು. ಎರಡನೇ ದಿನ ಬೆಳಗ್ಗೆ ನನ್ನ ತೋಳಲ್ಲಿ ಮೂರು ಗುಳ್ಳೆ, ಸಾಲಾಗಿ, ಪೆನ್ಸಿಲಲ್ಲಿ ಇಟ್ಟಂಗೆ. ನೋಡಿದ ತಕ್ಷಣ ಗೊತ್ತಾಯ್ತು, ತಿಗಣೆ! ನಮ್ಮಜ್ಜಿ ಮನೇಲಿ ಹಗ್ಗದ ಮಂಚ ಬಿಸಿಲಿಗೆ ಹಾಕಿ ಕೋಲಲ್ಲಿ ಬಡಿದು ಸೀಮೆಎಣ್ಣೆ ಬಿಡ್ತಿದ್ರಲ್ಲ, ಆ ವಾಸನೆನೇ ನೆನಪಾಯ್ತು. ಕೌಂಟರಲ್ಲಿ ಕೇಳಿದ್ರೆ ಸೊಳ್ಳೆ ಅಂದ್ರು. ಸೊಳ್ಳೆ ಹಾಸಿಗೆ ಹೊಲಿಗೆಯೊಳಗೆ ಕರೀ ಚುಕ್ಕಿ ಬಿಟ್ಟು ಹೋಗತ್ತಾ ಅಂತ ನಾನು ಕನ್ನಡದಲ್ಲೇ ಕೇಳಿದೆ, ಅವರಿಗೇನು ತಿಳೀತೋ. ದುಡ್ಡು ವಾಪಸ್ ಬರಲಿಲ್ಲ. ಅವತ್ತಿಂದ ಯಾವ ರೂಮಿಗೆ ಹೋದ್ರೂ ಬ್ಯಾಗು ಮೊದಲು ಬಾತ್‌ರೂಮಿನ ಟೈಲ್ಸ್ ಮೇಲೆ, ಹಾಸಿಗೆ ಮೇಲಂತೂ ಅಲ್ವೇ ಅಲ್ಲ, ಬೆಡ್‌ಶೀಟ್ ನಾಲ್ಕು ಮೂಲೆ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟು ಹೊಲಿಗೆ ಸಂದು, ತಲೆ ಕಡೆ ಹಲಗೆ ಎಲ್ಲಾ ನೋಡಿದ ಮೇಲೇ ಚಪ್ಪಲಿ ಬಿಡೋದು. ಊರಿಗೆ ಬಂದ ಮೇಲೂ ಆ ಸಲದ ಬಟ್ಟೆ ಎಲ್ಲಾ ಅಂಗಳದಲ್ಲೇ ಕುದಿಯೋ ನೀರಲ್ಲಿ ಅದ್ದಿದ್ವಿ.

ಈಗ ನಮ್ಮ ಗೆಸ್ಟ್‌ಹೌಸಿನ ವಿಷಯ. ದೊಡ್ಡ ತೊಂದರೆ ಒಂದೇ, ಲಿಫ್ಟಿಲ್ಲ. ಮಹಡಿಗೆ ಹದಿನೇಳು ಮೆಟ್ಟಿಲು, ನಾಲ್ಕನೇ ಮಹಡಿ ಅಂದ್ರೆ 68, ಅದೂ ಕಡಿದು, ಅಗಲ ಎಷ್ಟಂದ್ರೆ ಸೂಟ್‌ಕೇಸು ಪಕ್ಕದಲ್ಲಿ ಹಿಡಿಯೋಕಾಗಲ್ಲ, ಮುಂದಿಟ್ಕೊಂಡು ಮಂಡಿಯಲ್ಲಿ ತಳ್ತಾ ಹತ್ಬೇಕು. ನಂದಿಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ಸಾವಿರದ ಮೇಲೆ ಮೆಟ್ಟಿಲು ಹತ್ತಿರೋಳು ನಾನು, ಆದ್ರೆ ಅಲ್ಲಿ ಕೈಯಲ್ಲಿ 20 ಕೆಜಿ ಸ್ಯಾಂಪಲ್ಲು ಇರಲಿಲ್ಲ. ಮೊದಲ ಸಲ ಇದು ಗೊತ್ತಿರಲಿಲ್ಲ, ಬುಕ್ಕಿಂಗ್ ಪೇಜಲ್ಲಿ 'ಲಿಫ್ಟಿಲ್ಲ' ಅಂತ ಎಲ್ಲೂ ಹಾಕಿರಲ್ಲ, 'ಲಿಫ್ಟ್ ಇದೆ' ಅನ್ನೋ ಗುರುತು ಇರಲ್ಲ ಅಷ್ಟೇ, ಇಲ್ಲದೇ ಇರೋದನ್ನ ನಾವೇ ಹುಡುಕ್ಬೇಕು. ಈಗ ಬುಕ್ ಮಾಡಿದ ತಕ್ಷಣ ಮೆಸೇಜ್ ಹಾಕ್ತೀನಿ, ಮೊದಲನೇ ಮಹಡಿ, ಹಿಂದಿನ ರೂಮು ಅಂತ. ಹಿಂದಿನದೇ ಯಾಕಂದ್ರೆ ರಸ್ತೆ ಕಡೆ ರೂಮಾದ್ರೆ ಯಾವರಾತ್ ಬೀದಿ ಊಟದ ಗಲಾಟೆ ಮಧ್ಯರಾತ್ರಿವರೆಗೂ ಇರತ್ತೆ. ಸೋಮವಾರ ಗಾಡಿಗಳು ಕಮ್ಮಿ, ಅವತ್ತೊಂದು ದಿನ ಪರವಾಗಿಲ್ಲ.

ಕಿಟಕಿ ವಿಷಯನೂ ಹಂಗೇ. ಬ್ಯಾಂಕಾಕ್‌ನಲ್ಲಿ ಕಿಟಕಿನೇ ಇಲ್ಲದ ರೂಮು ಬೇಕಾದಷ್ಟಿದೆ, ನಮ್ಮ ಗೆಸ್ಟ್‌ಹೌಸಲ್ಲೂ ಮೂರಿದೆ, 150 ಬಾತ್ ಕಮ್ಮಿ. ಒಂದ್ಸಲ ಉಳಿಸೋಣ ಅಂತ ಅದನ್ನೇ ತಗೊಂಡ್ವಿ. ಒಗೆದ ಬಟ್ಟೆ ಎರಡು ದಿನ ಆದ್ರೂ ಒಣಗಲಿಲ್ಲ, ಮುಗ್ಗಲು ವಾಸನೆ, ಬೆಳಗಾಯ್ತೋ ಇಲ್ವೋ ಗೊತ್ತಾಗದೆ ಓರಗಿತ್ತಿ ರಾತ್ರಿ ಮೂರಕ್ಕೇ ಎದ್ದು ಸ್ನಾನ ಮಾಡ್ಬಿಟ್ಲು. ಇನ್ನು ಕೆಲವು ಕಡೆ ಕಿಟಕಿ ಇದೆ ಅಂತ ಹಾಕಿರ್ತಾರೆ, ಪರದೆ ಸರಿಸಿದ್ರೆ ಕಾರಿಡಾರು!

ಹಂಗಿದ್ರೂ ಯಾಕೆ ಅಲ್ಲಿಗೇ ಹೋಗ್ತೀವಿ ಅಂದ್ರೆ, ಸಾಂಪೆಂಗ್ ಗಲ್ಲಿ ಆರು ನಿಮಿಷ. ಆ ಗಲ್ಲಿ ನೋಡಿದೋರಿಗೆ ಗೊತ್ತು, ಇಬ್ಬರು ಎದುರುಬದುರಾದ್ರೆ ಒಬ್ಬರು ಅಡ್ಡ ತಿರುಗ್ಬೇಕು, ಅದರ ಮಧ್ಯೆ ತಳ್ಳೋ ಗಾಡಿ, ಬೈಕು, ಡಜನ್ ಲೆಕ್ಕದಲ್ಲಿ ತಗೊಂಡ್ರೆ ಒಂದು ರೇಟು ಬಿಡಿ ತಗೊಂಡ್ರೆ ಒಂದು ರೇಟು, ಸಂಜೆ ಐದರ ಹೊತ್ತಿಗೆ ಶಟರ್ ಎಳೆಯೋಕೆ ಶುರು. ಮಧ್ಯಾಹ್ನ ಒಂದು ರೌಂಡ್ ಬಂದು ಸ್ಯಾಂಪಲ್ ರೂಮಲ್ಲಿ ಹಾಕಿ, ಮುಖ ತೊಳ್ಕೊಂಡು, ಏಸಿಯಲ್ಲಿ ಹತ್ತು ನಿಮಿಷ ಕಾಲು ಚಾಚಿ ಮತ್ತೆ ಹೋಗ್ಬಹುದು. ದೂರದ ರೂಮಾದ್ರೆ ಈ ಒಂದು ರೌಂಡ್ ಹೋಯ್ತು, ಅಂದ್ರೆ ದಿನಕ್ಕೆ ಅರ್ಧ ದಿನದ ಖರೀದಿ ಹೋದಂಗೆ. 300 ಬಾತ್ ಕಮ್ಮಿ ಅಂತ ಯಾರಾದ್ರೂ ದೂರದ ರೂಮು ತೋರಿಸಿದ್ರೆ ನಾನು ಕೇಳೋದು ಇದೇ, ಮಧ್ಯಾಹ್ನ ವಾಪಸ್ ಬರೋಕಾಗತ್ತಾ?

ಮೊದಲ ಸಲ ಹುಅ ಲಂಫೋಂಗ್ ಮೆಟ್ರೋ ಇಳಿದು ಬ್ಯಾಗ್ ಎಳ್ಕೊಂಡು ಬಂದಿದ್ವಿ, ಫುಟ್‌ಪಾತ್ ಪೂರ್ತಿ ಪಾತ್ರೆ ಪಡಗ. 2019ರಲ್ಲೇ ವಾಟ್ ಮಂಗ್‌ಕೋನ್ ಸ್ಟೇಷನ್ ಆಯ್ತು, ಈಗ ಸುವರ್ಣಭೂಮಿ ಏರ್‌ಪೋರ್ಟಿಂದ ಏರ್‌ಪೋರ್ಟ್ ರೈಲಲ್ಲಿ ಮಕ್ಕಸನ್, ಅಲ್ಲಿ ಸೇತುವೆ ದಾಟಿದ್ರೆ ಫೆಚ್‌ಬುರಿ ಮೆಟ್ರೋ, ಅಲ್ಲಿಂದ ಸೀದಾ. ಮೆಟ್ರೋ ಬಂದ ಮೇಲೆ ರೇಟೂ ಏರ್ತು. 2019 ಜನವರಿಯಲ್ಲಿ ಇಬ್ಬರ ರೂಮಿಗೆ 650 ಬಾತ್ ಕೊಟ್ಟಿದ್ದು, ಹೋದ ಜುಲೈಯಲ್ಲಿ 900. ಬಾತ್ ರೇಟು ಬೇರೆ ಏರಿದೆ, ಒಂದಕ್ಕೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಇಟ್ಕೊಂಡ್ರೆ ಕೈ ಕಚ್ಚಲ್ಲ. ಕಾರ್ಡ್ ಉಜ್ಜುವಾಗ ಮಷೀನು ರೂಪಾಯಿನಾ ಬಾತಾ ಅಂತ ಕೇಳತ್ತೆ, ಬಾತ್ ಒತ್ತಿ, ರೂಪಾಯಿ ಒತ್ತಿದ್ರೆ ಅವರದೇ ರೇಟು ಹಾಕಿ ಸುಲೀತಾರೆ.

ಬಾತ್‌ರೂಮ್ ಬಗ್ಗೆ ನಮ್ಮೋರಿಗೆ ಖುಷಿ ವಿಷಯ, ಥಾಯ್ಲೆಂಡಲ್ಲಿ ಹೆಚ್ಚಿನ ಕಡೆ ಟಾಯ್ಲೆಟ್ಟಲ್ಲಿ ನೀರಿನ ಪೈಪು ಇರತ್ತೆ, ಪೇಪರ್ ಪರದಾಟ ಇಲ್ಲ. ಬಕೆಟ್ಟು ಮಗ್ಗು ಮಾತ್ರ ಇರಲ್ಲ. ಈ ಗೆಸ್ಟ್‌ಹೌಸಿಗೆ ಎರಡನೇ ಸಲ ಹೋದಾಗ 20 ಬಾತ್‌ಗೆ ಒಂದು ಹಸಿರು ಮಗ್ಗು ತಗೊಂಡು, ಬರುವಾಗ ಕೌಂಟರ್ ಅಕ್ಕನ ಹತ್ರ ಬಿಟ್ಟು ಬಂದ್ವಿ. ಆಮೇಲೆ ಕೋವಿಡ್ ಬಂತು, ಮೂರು ವರ್ಷ ಹೋಗೋಕಾಗಲಿಲ್ಲ. 2023 ಫೆಬ್ರವರಿಯಲ್ಲಿ ಹೋದ್ರೆ ಮಾಸ್ಕ್ ಹಾಕ್ಕೊಂಡೇ ಗುರುತು ಹಿಡಿದು, ಕೌಂಟರ್ ಕೆಳಗಿಂದ ಅದೇ ಮಗ್ಗು ತೆಗೆದು ಕೊಟ್ರು! ಅವರನ್ನ ನಾವು 'ಪೀ' ಅಂತೀವಿ, ನಮ್ಮ ಅಕ್ಕ ಅಣ್ಣ ಇದ್ದಂಗೆ, ದೊಡ್ಡೋರಿಗೆ ಹಂಗೇ ಕರೀಬೇಕಂತೆ. ಇನ್ನು ಕೀಗೆ 500 ಬಾತ್ ಡಿಪಾಸಿಟ್ ಇದೆ, ಅದರ ಚೀಟಿ ಕಳೀಬೇಡಿ, ಫೋಟೋ ಹೊಡ್ಕೊಳ್ಳಿ.

ಊಟಕ್ಕೆ ರೂಮಲ್ಲಿರೋ ಕೆಟಲ್ಲೇ ದೇವರು. ರಾಗಿ ಹುರಿಹಿಟ್ಟು ಊರಿಂದ ತಗೊಂಡು ಹೋಗ್ತೀವಿ, ಬಿಸಿನೀರು, ಬೆಲ್ಲ ಹಾಕಿ ಕಲಸಿದ್ರೆ ಬೆಳಗಿನ ತಿಂಡಿ ಆಯ್ತು. ಓರಗಿತ್ತಿ ಸೋಮವಾರ ಶನಿವಾರ ಮಾಂಸ ಮುಟ್ಟಲ್ಲ, ಅವತ್ತು ಪಕ್ಕದ ಇಂಡಿಯನ್ ಏರಿಯಾ ಫಾಹುರಾತ್‌ಗೆ ನಡ್ಕೊಂಡು ಹೋಗಿ ಇಂಡಿಯನ್ ಊಟ, ಅಲ್ಲೇ ಗುರುದ್ವಾರನೂ ಇದೆ. 2024 ಅಕ್ಟೋಬರಲ್ಲಿ ನವರಾತ್ರಿ ಟೈಮಿಗೆ ಹೋಗಿದ್ವಿ, ಆಗ ಯಾವರಾತ್ ಪೂರ್ತಿ ಹಳದಿ ಬಾವುಟ, ಅವರದೂ ಒಂಬತ್ತು ದಿನದ ಸಸ್ಯಾಹಾರ ಹಬ್ಬ, 'ಜೇ' ಅಂತಾರೆ, ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ನಮ್ಮೂರ ಮಡಿ ಅಜ್ಜೀರೂ ತಿನ್ನಬಹುದು. ರೂಮು ಮಾತ್ರ ಆ ವಾರ ಒಂದು ತಿಂಗಳು ಮುಂಚೆನೇ ಹಿಡೀಬೇಕು. ಚೀನೀ ಹೊಸ ವರ್ಷದಲ್ಲೂ ಅಷ್ಟೇ.

ಬುಕ್ ಮಾಡೋ ಥರ ಹೇಳ್ತೀನಿ. ಒಳ್ಳೇ ರಿವ್ಯೂ ನಾನು ಓದೋದೇ ಇಲ್ಲ. ಹೊಸದು ಮೊದಲು ಅಂತ ಹಾಕಿ, ಕಮ್ಮಿ ಸ್ಟಾರ್ ಕೊಟ್ಟಿರೋರದ್ದು ಓದ್ತೀನಿ. 'ಸ್ಟಾಫ್ ನಗಲಿಲ್ಲ', 'ಬ್ರೇಕ್‌ಫಾಸ್ಟ್ ಬರೀ ಬ್ರೆಡ್ಡು' ಇಂಥವಾದ್ರೆ ಕಣ್ಣು ಮುಚ್ಕೊಂಡು ಬುಕ್ ಮಾಡಿ. ಕಚ್ಚಿದ ಗುಳ್ಳೆ, ಬೀಗ, ಡಿಪಾಸಿಟ್ ಈ ಮೂರರಲ್ಲಿ ಯಾವುದಾದ್ರೂ ಎರಡು ಸಲ ಕಂಡ್ರೂ ಬಿಟ್ಬಿಡಿ. ಹೊಸ ಜಾಗ ಆದ್ರೆ ಒಂದೇ ರಾತ್ರಿಗೆ ಹಿಡೀರಿ, ಚೆನ್ನಾಗಿದ್ರೆ ಕೌಂಟರಲ್ಲೇ ಮುಂದುವರಿಸ್ಬಹುದು, ವೀಕೆಂಡ್ ಆದ್ರೆ ಮಾತ್ರ ಈ ಆಟ ಬೇಡ. 2025 ಮೇ 1ರಿಂದ ಹೋಗೋ ಮುಂಚೆ ಆನ್‌ಲೈನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಅದರಲ್ಲಿ ಉಳ್ಕೊಳ್ಳೋ ಅಡ್ರೆಸ್ ಕೇಳ್ತಾರೆ, ಆ ಕಾರ್ಡು ಫ್ರೀ, ದುಡ್ಡು ಕೇಳೋ ಸೈಟುಗಳ ಕಡೆ ಹೋಗ್ಬೇಡಿ.

ಹೋದ ಜುಲೈಯಲ್ಲಿ ಗೀಸರ್ ಕೆಟ್ಟಿತ್ತು, ನಾಲ್ಕು ದಿನ ತಣ್ಣೀರು, ಆ ಸೆಕೆಗೆ ಗೊತ್ತಾಗಲಿಲ್ಲ ಅನ್ನಿ. ಈಗ ಮದುವೆ ಸೀಸನ್ ಮಾಲಿಗೆ ಹೋಗ್ಬೇಕು. ಮೊದಲನೇ ಮಹಡಿ ಹಿಂದಿನ ರೂಮು ಸಿಗತ್ತಾ, ಗೀಸರ್ ರಿಪೇರಿ ಆಯ್ತಾ, ಮಗ್ಗು ಇದ್ಯಾ ಅಂತ ಮೂರೂ ಕೇಳಿ ಪೀಗೆ ಲೈನ್ ಆ್ಯಪಲ್ಲಿ (ನಮ್ಮ ವಾಟ್ಸಾಪ್ ಥರದ್ದು) ಹಾಕಿದ್ದೆ. ನಿನ್ನೆ ರಾತ್ರಿ ಉತ್ತರ ಬಂತು, ಬರೀ ಮಗ್ಗಿನ ಫೋಟೋ.