ಊಜಿ ನೊಣದ ಮಾತ್ರೆ: ಮೂರು ಬೆಳೆಯಲ್ಲಿ ಬಳಸಿದ ಮೇಲೆ ನನ್ನ ಅಭಿಪ್ರಾಯ

ರೇಷ್ಮೆ ಹುಳು ಸಾಕುವವರಿಗೆ ಊಜಿಯ, ಅಂದರೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಹಾಳುಮಾಡುವ ನೊಣದ, ಪರಿಚಯ ಮಾಡಿಕೊಡಬೇಕಿಲ್ಲ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದು ಗಬಗಬನೆ ಸೊಪ್ಪು ಮೇಯುತ್ತಿರುವ ಹುಳುವಿನ ಮೈಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಹೋದ ವರ್ಷದ ಮಳೆಗಾಲದ ಬೆಳೆಯಲ್ಲಿ ನಾನು ಅಂಥ ಚುಕ್ಕೆಗಳನ್ನು ಎಣಿಸುವುದನ್ನೇ ಬಿಟ್ಟಿದ್ದೆ. ಇಟ್ಟದ್ದು 150 ಮೊಟ್ಟೆ, ಅಂದರೆ 150 ಚಿಟ್ಟೆಗಳು ಇಟ್ಟ ಮೊಟ್ಟೆಯ ಗುಂಪು. ಗೂಡು ಬಿಡಿಸಿ, ಊಜಿಯಿಂದ ತೂತು ಬಿದ್ದವನ್ನು ಬೇರೆ ಮಾಡಿ ತೂಗಿದರೆ ಅವೇ 14 ಕೆ.ಜಿ. ಬಂದವು. ಗೂಡು ಕಟ್ಟುವ ಮೊದಲೇ ಸತ್ತ ಹುಳುಗಳ ಲೆಕ್ಕ ಬೇರೆ. ಒಂದು ತಿಂಗಳು ನಿದ್ದೆಗೆಟ್ಟು ಸೊಪ್ಪು ಕೊಯ್ದು ಹಾಕಿದ ಮೇಲೆ, ಅಂಗಳದಲ್ಲಿ ಆ ರಾಶಿಯ ಮುಂದೆ ಕುಳಿತಾಗ ಆದ ಸಂಕಟವನ್ನು ಹುಳು ಸಾಕಿದವರೇ ಬಲ್ಲರು.

ಆಮೇಲಿನ ಮೂರು ಬೆಳೆಗೆ, ನೊಣವನ್ನು ಸೆಳೆದು ಕೊಲ್ಲುವ ಊಜಿ ಮಾತ್ರೆ ಬಳಸಿದ್ದೇನೆ. ಜೊತೆಗೆ ಕಿಟಕಿ ಬಾಗಿಲುಗಳಿಗೆ ಹೊಸ ನೈಲಾನ್ ಬಲೆ, ಮತ್ತು ಒಂದು ಬೆಳೆಗೆ ಪರಾವಲಂಬಿ ಕಣಜದ ಚೀಲ. ಮಾತ್ರೆ ತರಬೇಕೇ ಬೇಡವೇ ಎಂದು ನಮ್ಮ ಕಡೆಯ ಹಲವರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ ಊರು ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿದೆ. ಹುಳು ಮನೆ 50 ಅಡಿ ಉದ್ದ, 20 ಅಡಿ ಅಗಲ. ಪಕ್ಕದಲ್ಲೇ ಹಸುವಿನ ಕೊಟ್ಟಿಗೆ, ಅದರಾಚೆ ತಿಪ್ಪೆ. ಹುಳು ಮನೆಯ ಪಕ್ಕ ತಿಪ್ಪೆ ಇರಬಾರದು ಎಂದು ಗೊತ್ತಿದೆ, ಆದರೆ ಇರುವ ಜಾಗವೇ ಅಷ್ಟು. ನಾನು ಹೇಳುವುದನ್ನು ಈ ಸ್ಥಿತಿಗೆ ಹೊಂದಿಸಿಕೊಂಡು ಓದಿಕೊಳ್ಳಿ.

ಮಾತ್ರೆಯ ಬಳಕೆ ಸುಲಭ. ಒಂದು ಮಾತ್ರೆಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ಬಿಳಿ ತಟ್ಟೆಗಳಿಗೆ ಸುರಿದು, ಕಿಟಕಿಯ ಬುಡದಲ್ಲಿ ಒಳಗೂ ಹೊರಗೂ ಇಡಬೇಕು. ವಾಸನೆಗೆ ನೊಣ ಬಂದು ನೀರಿಗೆ ಬಿದ್ದು ಸಾಯುತ್ತದೆ. ಹುಳು ಮೂರನೇ ಹಂತದಲ್ಲಿರುವಾಗಲೇ ಇಡಲು ಶುರುಮಾಡಬೇಕು, ಅಂದರೆ ಚಾಕಿ ಹುಳು (ಎರಡನೇ ಜ್ವರದವರೆಗೆ ಬೇರೆ ಕಡೆ ಸಾಕಿದ ಎಳೆ ಹುಳು) ನಮ್ಮ ಮನೆಗೆ ಬಂದ ದಿನವೇ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯೆಂಬ ತಟ್ಟಿ ಏರುವವರೆಗೆ ಒಳಗೂ ಹೊರಗೂ ಇರಬೇಕು. ಒಳಗಿನ ತಟ್ಟೆಯನ್ನು ಅದಾದ ಮೇಲೂ ಸುಮಾರು 20 ದಿನ ತೆಗೆಯಬಾರದು. ಈ ಕೊನೆಯ ಮಾತನ್ನು ನಮ್ಮಲ್ಲಿ ಯಾರೂ ಪಾಲಿಸುವುದಿಲ್ಲ. ಗೂಡು ಮಾರಿದ ದಿನವೇ ತಟ್ಟೆ ತೊಳೆದು ಅಟ್ಟ ಸೇರುತ್ತದೆ. ಮೊದಲ ಬೆಳೆಯಲ್ಲಿ ನಾನೂ ಹಾಗೆಯೇ ಮಾಡಿದೆ.

ನಮ್ಮ ಸೀಮೆಯ ಗಾಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಜೋಗಿಮಟ್ಟಿ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ನೋಡಿದವರಿಗೆ ಆಷಾಢದಲ್ಲಿ ಇಲ್ಲಿ ಬೀಸುವ ಗಾಳಿ ಎಂಥದ್ದೆಂದು ಅಂದಾಜಿರುತ್ತದೆ. ಹೊರಗಿನ ತಟ್ಟೆಗೆ ಒಂದೇ ದಿನದಲ್ಲಿ ಧೂಳು, ಕಸ, ಒಣಗಿದ ಎಲೆ ತುಂಬುತ್ತದೆ. ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ. ಮೂರು ದಿನಕ್ಕೊಮ್ಮೆ ಹೊಸ ನೀರು ಮಾಡಿಕೊಂಡರೆ ಮಾತ್ರ ನನಗೆ ಫಲ ಕಂಡಿತು. ಹಾಗಾಗಿ ಒಂದು ಬೆಳೆಗೆ ಇಷ್ಟೇ ಮಾತ್ರೆ ಸಾಕು ಎಂದು ಬಿಗಿಯಾಗಿ ಲೆಕ್ಕ ಹಾಕಿ ತರಬೇಡಿ.

ಮೊದಲ ಬೆಳಿಗ್ಗೆ ಹೊರಗಿನ ಎರಡು ತಟ್ಟೆಗಳಲ್ಲಿ ನೊಣವೋ ನೊಣ. ಅಕ್ಕಪಕ್ಕದವರು ಬಂದು ನೋಡಿ, "ಮಾತ್ರೆ ಭರ್ಜರಿ ಕೆಲಸ ಮಾಡುತ್ತಿದೆ" ಎಂದರು. ನನಗೆ ಸಮಾಧಾನವಾಗಲಿಲ್ಲ. ಚಹಾ ಸೋಸುವ ಹಳೆಯ ಜಾಲರಿಯಲ್ಲಿ ನೀರು ಬಸಿದು, ನೊಣಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಮಾವನವರು ಪಂಚಾಂಗ ಓದುವ ಭೂತಗನ್ನಡಿ ತಂದು ಒಂದೊಂದಾಗಿ ನೋಡಿದೆ. ಒಟ್ಟು 43. ಅದರಲ್ಲಿ ಊಜಿ 9 ಮಾತ್ರ.

ಉಳಿದವೆಲ್ಲ ಯಾವುವು? ಹೆಚ್ಚಿನವು ಮನೆ ನೊಣ. ಇದರ ಬೆನ್ನಿನ ಮೇಲೂ ನಾಲ್ಕು ಕಪ್ಪು ಗೆರೆ, ಊಜಿಯ ಬೆನ್ನಿನ ಮೇಲೂ ನಾಲ್ಕು. ಎಲ್ಲರೂ ಮೋಸಹೋಗುವುದು ಇಲ್ಲಿಯೇ. ಊಜಿ ಮನೆ ನೊಣಕ್ಕಿಂತ ದೊಡ್ಡದು, ಹೊಟ್ಟೆಯ ಮೇಲೆ ಬಿರುಸಾದ ಕೂದಲುಗಳು ಮುಳ್ಳಿನಂತೆ ಎದ್ದು ನಿಂತಿರುತ್ತವೆ. ಗಾಜಿನಡಿ ಮುಖ ನೋಡಿದರೆ ಇನ್ನೊಂದು ಗುರುತು ಸಿಗುತ್ತದೆ. ಮನೆ ನೊಣದ ಮೀಸೆಯ ಎಳೆ ಹಕ್ಕಿಯ ಗರಿಯಂತೆ ಕವಲೊಡೆದಿರುತ್ತದೆ, ಊಜಿಯದು ಬೋಳು. ಬೆನ್ನಿನ ಮೇಲೆ ಮೂರೇ ಗೆರೆ, ಹೊಟ್ಟೆಯ ಮೇಲೆ ಚದುರಂಗದ ಮನೆಗಳಂತೆ ಕಪ್ಪು ಬೂದು ಚೌಕ ಇದ್ದರೆ ಅದು ಮಾಂಸದ ನೊಣ. ಅದು ಮೊಟ್ಟೆ ಇಡುವುದೇ ಇಲ್ಲ, ಜೀವಂತ ಮರಿಹುಳುವನ್ನೇ ಕೊಳೆತದ್ದರ ಮೇಲೆ ಬಿಟ್ಟು ಹೋಗುತ್ತದೆ. ತಾಮ್ರದ ಕಿಲುಬಿನ ಹಸಿರು ಬಣ್ಣದಲ್ಲಿ ಮಿರಮಿರ ಮಿನುಗುವ ಎರಡು ನೊಣಗಳಿದ್ದವು, ಅವು ಸತ್ತ ಪ್ರಾಣಿಯನ್ನು ಹುಡುಕಿ ಬರುವಂಥವು. ಕೊಟ್ಟಿಗೆಯಲ್ಲಿ ಹಸುವಿನ ಕಾಲಿಗೆ ಕಚ್ಚಿ ರಕ್ತ ಹೀರುವ ನೊಣವೂ ಒಂದಿತ್ತು. ನೋಡಲು ಮನೆ ನೊಣದಂತೆಯೇ, ಆದರೆ ಬಾಯಿಂದ ಸೂಜಿಯಂಥ ಕೊಳವೆ ಮುಂದಕ್ಕೆ ಚಾಚಿಕೊಂಡಿತ್ತು.

ನನಗೆ ನೋವಾದದ್ದು ಮೂರು ಹೂನೊಣ ನೋಡಿ. ಹಳದಿ ಕಪ್ಪು ಪಟ್ಟೆಯ ಈ ನೊಣವನ್ನು ಜೇನು ಎಂದುಕೊಳ್ಳುವವರೇ ಹೆಚ್ಚು. ಜೇನಿಗೆ ಎರಡು ಜೋಡಿ ರೆಕ್ಕೆ, ಇದಕ್ಕೆ ಒಂದೇ ಜೋಡಿ. ಹಿಂದಿನ ರೆಕ್ಕೆಯ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಎರಡು ಪುಟ್ಟ ಗುಬುಟು ಇರುತ್ತವೆ, ಹಾರುವಾಗ ಮೈ ಸಮತೋಲ ಕಾಯುವುದು ಅವೇ. ಊಜಿಯಿಂದ ಸೊಳ್ಳೆಯವರೆಗೆ ಈ ಕುಲಕ್ಕೆಲ್ಲ ಇದೇ ಗುರುತು. ಅಲಸಂದೆ ಬಳ್ಳಿಗೆ ಹೇನು ಹತ್ತಿದಾಗ ಅವುಗಳ ನಡುವೆ ಹಸಿರು ಬಣ್ಣದ, ಕಾಲಿಲ್ಲದ ಹುಳು ಹರಿದಾಡುವುದನ್ನು ನೋಡಿರುತ್ತೀರಿ. ಒಂದೊಂದೇ ಹೇನನ್ನು ಎತ್ತಿ ಹಿಡಿದು ಹೀರುವ ಆ ಹುಳು ಈ ಹೂನೊಣದ ಮರಿ. ಹೊಲದ ಕೂಲಿಯಾಳಿನಂತೆ ದುಡಿಯುವ ಜೀವವನ್ನು ನಾನೇ ಕೊಂದೆನಲ್ಲ ಎನಿಸಿತು. ಅಂದಿನಿಂದ ಹುಚ್ಚೆಳ್ಳು ಹೂವಿರುವ ಬದುವಿನ ಕಡೆಯ ಕಿಟಕಿಗೆ ಹೊರತಟ್ಟೆ ಇಡುತ್ತಿಲ್ಲ, ಒಳಗೆ ಮಾತ್ರ ಇಡುತ್ತೇನೆ. ಆಮೇಲೆ ಹೂನೊಣ ಬಿದ್ದದ್ದು ತೀರಾ ಕಡಿಮೆ.

ಹೀಗೆ ಎಣಿಸಿದ ಮೇಲೆ ಮಾತ್ರೆಯನ್ನು ಅಳೆಯುವ ರೀತಿಯೇ ನನಗೆ ಬದಲಾಯಿತು. ತಟ್ಟೆ ತುಂಬಿತೇ ಎನ್ನುವುದು ಮುಖ್ಯವಲ್ಲ, ಊಜಿಯ ಬದುಕಿನ ಯಾವ ಹಂತವನ್ನು ಅದು ಹಿಡಿಯುತ್ತದೆ ಎನ್ನುವುದು ಮುಖ್ಯ.

ಹೆಣ್ಣು ಊಜಿ ಹುಳುವಿನ ಚರ್ಮದ ಮೇಲೆ ಒಂದೋ ಎರಡೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಕೆನೆಬಿಳಿ ಬಣ್ಣ, ಬರಿಗಣ್ಣಿಗೆ ಸೂಜಿಮೊನೆಯಷ್ಟು. 2-3 ದಿನಕ್ಕೆ ಮೊಟ್ಟೆಯೊಡೆದು ಮರಿ ನೇರವಾಗಿ ಹುಳುವಿನ ಮೈಯೊಳಗೆ ಕೊರೆದು ಇಳಿಯುತ್ತದೆ. ನಮಗೆ ಕಾಣುವ ಕಪ್ಪು ಚುಕ್ಕೆ ಆ ಬಾಗಿಲು, ಒಳಗಿರುವ ಮರಿ ಉಸಿರಾಡುವುದೂ ಅಲ್ಲಿಂದಲೇ. 5ರಿಂದ 8 ದಿನ ಒಳಗೇ ತಿಂದು ಬೆಳೆದು, ಹುಳುವನ್ನು ಹರಿದುಕೊಂಡು ಹೊರಬೀಳುತ್ತದೆ. ಹುಳು ಅಷ್ಟರೊಳಗೆ ಗೂಡು ಕಟ್ಟಿದ್ದರೆ ಗೂಡನ್ನೇ ತೂತು ಮಾಡಿ ಬರುತ್ತದೆ. ಎಳೆ ತುಂಡಾದ ಆ ಗೂಡಿನಿಂದ ನೂಲು ತೆಗೆಯಲಾಗದು. ಹೊರಬಿದ್ದ ಮರಿ ಕತ್ತಲ ಜಾಗ ಹುಡುಕಿ ನೆಲದ ಬಿರುಕು, ಗೋಡೆಯ ಸಂದು, ಸೊಪ್ಪಿನ ಕಸದಡಿ ಸೇರಿ ಒಂದೇ ದಿನದೊಳಗೆ ಕೋಶವಾಗುತ್ತದೆ. 10-12 ದಿನಕ್ಕೆ ನೊಣ. ಒಟ್ಟು ಮೂರು ವಾರದ ಆಸುಪಾಸು.

ಈಗ ಲೆಕ್ಕ ಹಾಕಿ ನೋಡಿ. ಮೊಟ್ಟೆಯನ್ನು ಮಾತ್ರೆ ಮುಟ್ಟುವುದಿಲ್ಲ, ಹುಳುವಿನೊಳಗಿನ ಮರಿಯನ್ನೂ ಮುಟ್ಟುವುದಿಲ್ಲ, ನೆಲದ ಸಂದಿನ ಕೋಶವನ್ನೂ ಮುಟ್ಟುವುದಿಲ್ಲ. ಹಾರುವ ನೊಣವನ್ನು ಮಾತ್ರ ಹಿಡಿಯುತ್ತದೆ. ನಾವು ಗೂಡು ಬಿಡಿಸಿ ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ನೆಲದ ಬಿರುಕಿನಲ್ಲಿ ಕೋಶಗಳು ಮಲಗಿರುತ್ತವೆ, ಖಾಲಿ ಮನೆಯಲ್ಲಿ ಒಂದೊಂದಾಗಿ ಏಳುತ್ತವೆ. 20 ದಿನ ಒಳಗೆ ತಟ್ಟೆ ಇಡಿ ಎನ್ನುವುದು ಇದಕ್ಕೇ. ಎರಡನೇ ಬೆಳೆಯ ನಂತರ ಬೀಗ ಹಾಕಿದ ಖಾಲಿ ಮನೆಯಲ್ಲಿ ತಟ್ಟೆ ಇಟ್ಟು ಎರಡು ವಾರ ಬಿಟ್ಟು ನೋಡಿದರೆ 31 ನೊಣ, ಎಲ್ಲವೂ ಊಜಿ. ಅವುಗಳಲ್ಲಿ ಹೆಣ್ಣೊಂದು ಉಳಿದರೂ ನೂರಾರು ಮೊಟ್ಟೆ ಇಡುತ್ತದೆ. ನನ್ನ ದೃಷ್ಟಿಯಲ್ಲಿ ಮಾತ್ರೆಯ ಬೆಲೆ ಹುಟ್ಟುವುದು ಈ ಖಾಲಿ ದಿನಗಳಲ್ಲಿ.

ಕೋಶದಿಂದ ನೊಣ ಏಳುವುದನ್ನು ಒಮ್ಮೆ ಕಣ್ಣಾರೆ ಕಂಡೆ. ಕಂದು ಕೆಂಪಿನ, ಹುರಿದ ಕಾಫಿ ಬೀಜದಂತೆ ಗಟ್ಟಿಯಾದ ನಾಲ್ಕು ಕೋಶಗಳನ್ನು ಜಾಮಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೆ. ಒಂದು ಬೆಳಿಗ್ಗೆ ಒಂದರ ತುದಿ ಮುಚ್ಚಳದಂತೆ ಬಿರಿಯಿತು. ಒಳಗಿನಿಂದ ನೊಣದ ಹಣೆ ಬಲೂನಿನಂತೆ ಉಬ್ಬಿ, ತಗ್ಗಿ, ಮತ್ತೆ ಉಬ್ಬಿ, ಆ ಒತ್ತಡದಿಂದಲೇ ಚಿಪ್ಪನ್ನು ತಳ್ಳುತ್ತಿತ್ತು. ಹೊರಬಂದಾಗ ಮೈ ಪೇಲವ, ರೆಕ್ಕೆ ಒದ್ದೆ ಕಾಗದದಂತೆ ಮುದುಡಿತ್ತು. ನೋಡನೋಡುತ್ತ ರೆಕ್ಕೆ ಬಿಚ್ಚಿಕೊಂಡಿತು, ಬಣ್ಣ ಕಪ್ಪೇರಿತು, ಹಣೆಯ ಚೀಲ ಒಳಗೆ ಅಡಗಿತು. ಅಷ್ಟು ನಷ್ಟ ಮಾಡಿದ ಜೀವವಾದರೂ ನಾನು ಆ ಬಾಟಲಿಯ ಮುಂದಿನಿಂದ ಏಳಲಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ಬಲೆಯ ವಿಷಯಕ್ಕೆ ಬರುತ್ತೇನೆ. ದುಡ್ಡು ಒಂದಕ್ಕೇ ಸಾಲುವುದಾದರೆ ಮಾತ್ರೆ ಬಿಡಿ, ಬಲೆ ತನ್ನಿ. ನೊಣ ಒಳಗೇ ಬಾರದಿದ್ದರೆ ಮೊಟ್ಟೆಯ ಮಾತೇ ಇಲ್ಲ. ಮೊದಲು ತಂದ ಬಲೆ ಕಣ್ಣಿಗೆ ಸಣ್ಣಗೆ ಕಂಡಿತ್ತು. ಅಂಗಡಿಯವರು ಊಜಿ ಬಲೆಯೆಂದೇ ಕೊಟ್ಟರು, ಆದರೆ ಎರಡು ತಿಂಗಳಲ್ಲಿ ಬಿಸಿಲಿಗೆ ಪುಡಿಪುಡಿಯಾಗಿ ಮೊಳೆ ಹೊಡೆದ ಕಡೆಯೆಲ್ಲ ಹರಿಯಿತು. ಎರಡನೆಯದನ್ನು ಕೈಯಲ್ಲಿ ಎಳೆದು, ಉಗುರಿನಿಂದ ಎಳೆ ಸರಿಸಿ ನೋಡಿ ತಂದೆ. ಮೊಳೆಯ ಬದಲು ಮರದ ಪಟ್ಟಿಯ ನಡುವೆ ಬಲೆ ಸಿಕ್ಕಿಸಿದ್ದೇವೆ. ಬಾಗಿಲಿಗೆ ಎರಡು ಪದರ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಸೊಪ್ಪಿನ ಹೊರೆ ಹೊತ್ತು ಬರುವಾಗ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ಅಭ್ಯಾಸ ಆಳುಗಳಿಗೆ ಬರಲು ಒಂದು ಬೆಳೆ ಹಿಡಿಯಿತು.

ಕಣಜದ ಚೀಲ ಕೋಶಕ್ಕೆ ಮದ್ದು. ನೆಸೊಲಿಂಕ್ಸ್ ಥೈಮಸ್ ಎಂಬ, ಇರುವೆಗಿಂತ ಸಣ್ಣ ಕಣಜ ಊಜಿಯ ಕೋಶದೊಳಗೆ ತನ್ನ ಮೊಟ್ಟೆ ಇಡುತ್ತದೆ. ನೊಣ ಬರಬೇಕಾದ ಕೋಶದಿಂದ ಹತ್ತಾರು ಕಣಜಗಳು ಬರುತ್ತವೆ. ರೇಷ್ಮೆ ಹುಳುವಿಗೆ ಇದರಿಂದ ತೊಂದರೆಯಿಲ್ಲ. ಸಂಜೆ ಚೀಲ ಬಿಚ್ಚಿ ಚಂದ್ರಿಕೆಯ ಬಳಿ ತೂಗುಹಾಕಿದರೆ ಮಸಿ ಉದುರಿದಂತೆ ಸಣ್ಣ ಸಣ್ಣ ಕಣಜಗಳು ನೆಲಕ್ಕಿಳಿದು ಸಂದುಗಳತ್ತ ಹರಿದವು. ಕೇಳಿದ ದಿನವೇ ಇದು ಸಿಗುವುದಿಲ್ಲ, ಹುಳು ತರುವ ಮೊದಲೇ ಹೇಳಿಟ್ಟಿರಬೇಕು. ಮಾತ್ರೆಯನ್ನು ರೂಪಿಸಿದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಈ ಕಣಜದ ಬಳಕೆಯನ್ನೂ ರೈತರಿಗೆ ಹೇಳಿಕೊಡುತ್ತದೆ.

ಈ ಮೂರೂ ಇದ್ದರೂ ಮೂರನೇ ಬೆಳೆಗೆ ಊಜಿ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡಿದ್ದೆ. ಉತ್ತರ ಸಿಕ್ಕಿದ್ದು ರಾಮನಗರಕ್ಕೆ ಗೂಡು ಹಾಕಿಕೊಂಡು ಹೋಗಿ ತಂದ ಗೋಣಿಚೀಲದ ಹೊಲಿಗೆಯಲ್ಲಿ. ದಾರಿಯಲ್ಲಿ ಗೂಡಿನಿಂದ ಹೊರಬಿದ್ದ ಮರಿಗಳು ಹೊಲಿಗೆಯ ಮಡಿಕೆಗೆ ಸೇರಿ ಕೋಶವಾಗಿದ್ದವು, ಒಂದೇ ಚೀಲದಲ್ಲಿ 17. ಮೊದಲು ಬಂಗಾಳದ ಕಡೆ ಇದ್ದ ಈ ನೊಣ 1980ರಲ್ಲಿ ಕರ್ನಾಟಕಕ್ಕೆ ಬಂದದ್ದೂ ಹೀಗೆಯೇ, ಅಲ್ಲಿಂದ ಬಂದ ಗೂಡಿನೊಂದಿಗೆ. ಈಗ ಚೀಲಗಳನ್ನು ಅಂಗಳದಲ್ಲೇ ಕುದಿಯುವ ನೀರಿಗೆ ಅದ್ದಿ, ಬಂಡೆಯ ಮೇಲೆ ಒಣಗಿಸಿದ ನಂತರವೇ ಒಳಗೆ ತರುತ್ತೇವೆ. ಕಸ ಗುಡಿಸುವಾಗ ಸಿಕ್ಕ ಮರಿ, ಕೋಶಗಳಿಗೆ ಸೋಪಿನ ನೀರಿನ ಬಕೆಟ್ ಬಾಗಿಲ ಬಳಿಯೇ ಇದೆ. ನೆಲದ ಬಿರುಕುಗಳಿಗೆಲ್ಲ ಸಿಮೆಂಟ್ ತುಂಬಿಸಿದ್ದಾಯಿತು.

ತೂತು ಗೂಡು ಮೊದಲ ಬೆಳೆಯಲ್ಲಿ 6 ಕೆ.ಜಿ., ಎರಡನೆಯದರಲ್ಲಿ 5, ಮೂರನೆಯದರಲ್ಲಿ ಒಂದೂವರೆ. ಮಾತ್ರೆಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಖಾಲಿ ಮನೆಯಲ್ಲಿ ಇಡುವವರಿಗೆ ನಾಲ್ಕು. ಬಲೆಗೆ ಪೂರ್ತಿ ಐದು. ಕಣಜದ ಚೀಲವನ್ನು ಒಂದೇ ಬೆಳೆಗೆ ಬಳಸಿದ್ದರಿಂದ ಅಂಕ ಕೊಡುವುದು ನ್ಯಾಯವಲ್ಲ. ಗೂಡು ಬಿಡಿಸಿದ ಮೇಲೆ ಅದನ್ನು ಎಸೆಯದೆ ತಿಪ್ಪೆಯ ಪಕ್ಕದ ಬೇವಿನ ಕೊಂಬೆಗೆ ಕಟ್ಟಿದ್ದೇನೆ, ಹುಳು ಮನೆಯ ಕಸದ ಜೊತೆ ಅಲ್ಲಿಗೆ ಹೋದ ಕೋಶಗಳು ಅದರ ಪಾಲಿಗಿರಲಿ ಎಂದು. ಮುಂದಿನ ಚಾಕಿ ಬರುವುದು ಹನ್ನೊಂದು ದಿನಕ್ಕೆ. ಒಳಗಿನ ತಟ್ಟೆಯಲ್ಲಿ ಈ ಬೆಳಿಗ್ಗೆ ಎರಡು ಊಜಿ ಇದ್ದವು.