ಲಂಡನ್ನಿನ ಒಂದು ವರ್ಷವೋ, ದೆಹಲಿಯ ಎರಡು ವರ್ಷವೋ

ಅಂತರರಾಷ್ಟ್ರೀಯ ಸಂಬಂಧ ಮತ್ತು ಭದ್ರತೆಯಲ್ಲಿ ಎಂ.ಎ. ಮಾಡಬೇಕೆನ್ನುವವರು ಕಿಂಗ್ಸ್ ಕಾಲೇಜ್ ಲಂಡನ್‌ನ ವಾರ್ ಸ್ಟಡೀಸ್ (ಯುದ್ಧ ಅಧ್ಯಯನ) ವಿಭಾಗವನ್ನೂ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸನ್ನೂ ತೂಗುವಾಗ ಮೊದಲು ಶುಲ್ಕ ನೋಡುತ್ತಾರೆ. ಅಲ್ಲಿ ಲಕ್ಷಗಳ ಲೆಕ್ಕ, ಇಲ್ಲಿ ನೂರುಗಳ ಲೆಕ್ಕ, ನಿಜ. ಎರಡೂ ಕಡೆಯ ಓದು ಕಂಡ ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಸಮಯದ ವ್ಯತ್ಯಾಸ.

ಲಂಡನ್ನಿನಲ್ಲಿ ಒಂದೇ ವರ್ಷಕ್ಕೆ 180 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 10 ಗಂಟೆ ಎಂದರೆ 1,800 ಗಂಟೆ ಓದು. ಸೆಪ್ಟೆಂಬರಿನಲ್ಲಿ ಪಾಠ ಶುರು, ಮುಂದಿನ ಬೇಸಿಗೆಗೆ ಸಂಶೋಧನಾ ಪ್ರಬಂಧ ಕೈಸೇರಬೇಕು. ಹಾಗಾಗಿ ಸಂಶೋಧನೆಯ ಪ್ರಶ್ನೆಯನ್ನು ಊರಿನಿಂದಲೇ ಕಟ್ಟಿಕೊಂಡು ಹೋಗಬೇಕು. 'ಭಾರತದ ಅಣ್ವಸ್ತ್ರ ನೀತಿ' ಎಂಬ ವಿಷಯ ಹಿಡಿದವರು ಮುಳುಗುತ್ತಾರೆ. 'ಆ ನೀತಿಯ 1999ರ ಕರಡಿನಲ್ಲಿ ಇಲ್ಲದ, ಜೈವಿಕ, ರಾಸಾಯನಿಕ ದಾಳಿಗೂ ಅಣ್ವಸ್ತ್ರದಿಂದ ಉತ್ತರಿಸಬಹುದೆಂಬ ಷರತ್ತು ಸರ್ಕಾರದ 2003ರ ಹೇಳಿಕೆಗೆ ಹೇಗೆ ಬಂತು' ಎಂದು ಕೇಳಿದವರು ದಡ ಸೇರುತ್ತಾರೆ. ಅಂಕದ ವಿಷಯಕ್ಕೂ ಒಂದು ಮಾತು: ಅಲ್ಲಿ 50 ಪಾಸು, 70 ಡಿಸ್ಟಿಂಕ್ಷನ್. ಮೊದಲ ಪ್ರಬಂಧಕ್ಕೆ 62 ಬಂದರೆ ಕುಸಿಯಬೇಕಿಲ್ಲ.

ನಿಜವಾದ ಅಂತರ ದಾಖಲೆಗಳಲ್ಲಿದೆ. ಬ್ರಿಟನ್ನಿನ ಸರ್ಕಾರಿ ಕಡತಗಳು ಸಾಮಾನ್ಯವಾಗಿ 20 ವರ್ಷಕ್ಕೆ ಲಂಡನ್ನಿನ ಕ್ಯೂ (Kew) ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಬರುತ್ತವೆ. ಸೇನಾನಿಗಳ ಖಾಸಗಿ ಕಾಗದಗಳಂತೂ ಕಿಂಗ್ಸ್ ಒಳಗಿನ ಲಿಡೆಲ್ ಹಾರ್ಟ್ ಸೇನಾ ದಾಖಲೆಗಳ ಕೇಂದ್ರದಲ್ಲೇ ಇವೆ. ದೆಹಲಿಯಲ್ಲಿ ಕಾನೂನಿನ ಗಡುವು 25 ವರ್ಷ. ಆದರೂ ಪಟ್ಟಿಯಲ್ಲಿ ಹೆಸರಿರುವ ಕಡತ ಕೇಳಿದರೆ 'ಇನ್ನೂ ವರ್ಗಾವಣೆಯಾಗಿಲ್ಲ' ಎಂಬ ಉತ್ತರ ಬರುವುದುಂಟು. ಒಂದೇ ಕಡತವನ್ನು ನೆಚ್ಚಿಕೊಂಡರೆ ಪ್ರಬಂಧವೇ ನಿಂತುಹೋಗುತ್ತದೆ. ಮೊದಲು ಭಾರತದ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಹುಡುಕಿ, ತೀನ್ ಮೂರ್ತಿ ಗ್ರಂಥಾಲಯದ ಖಾಸಗಿ ಪತ್ರಸಂಗ್ರಹವನ್ನೂ ಸಪ್ರೂ ಹೌಸ್ ಗ್ರಂಥಾಲಯವನ್ನೂ ಬದಲಿಯಾಗಿ ಇಟ್ಟುಕೊಳ್ಳಿ. ಈ ಅಲೆದಾಟಕ್ಕೆ ನಾಲ್ಕು ಸೆಮಿಸ್ಟರ್ ಇರುವುದೇ ಜೆಎನ್‌ಯುವಿನ ಬಲ. ಚೀನೀ, ರಷ್ಯನ್, ಪರ್ಷಿಯನ್ ಕಲಿಸುವ ಭಾಷಾ ವಿಭಾಗಗಳೂ ಅದೇ ಆವರಣದಲ್ಲಿವೆ. ಭಾಷೆ ಬಾರದೆ ಒಂದು ಪ್ರದೇಶದ ಅಧ್ಯಯನ ಮಾಡುವುದು ಬೇರೆಯವರ ಕಣ್ಣಲ್ಲಿ ನೋಡಿದ ಹಾಗೆ.

ಪ್ರವೇಶದ ದಾರಿಗಳೂ ಬೇರೆ. ದೆಹಲಿಗೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ: ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಊಹೆಯ ಆಟ ಇಲ್ಲಿ ದುಬಾರಿ. ಲಂಡನ್ನಿಗೆ ಉದ್ದೇಶಪತ್ರ: 'ಚಿಕ್ಕಂದಿನಿಂದ ರಾಜತಾಂತ್ರಿಕತೆಯಲ್ಲಿ ಆಸಕ್ತಿ' ಎಂಬ ಸಾಲು ಹೊಡೆದುಹಾಕಿ, ಆ ಜಾಗದಲ್ಲಿ ನಿಮ್ಮ ಪ್ರಶ್ನೆ ಬರೆಯಿರಿ. ವೀಸಾಕ್ಕೆ ತೋರಿಸುವ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು.

ಒಂದು ವರ್ಷದ ಬ್ರಿಟಿಷ್ ಪದವಿ ಭಾರತದಲ್ಲಿ ನಡೆಯುತ್ತದೆಯೇ ಎಂಬ ಹಳೆಯ ಅಳುಕಿಗೆ 2022ರ ಜುಲೈನಲ್ಲಿ ಎರಡೂ ದೇಶಗಳು ಪದವಿಗಳ ಪರಸ್ಪರ ಮಾನ್ಯತೆಗಾಗಿ ಮಾಡಿಕೊಂಡ ಒಪ್ಪಂದ ಉತ್ತರ ಕೊಟ್ಟಿದೆ.

ಬಿ.ಕಾಂ., ಎಂಜಿನಿಯರಿಂಗ್ ಮುಗಿಸಿ ಈ ಕಡೆ ತಿರುಗುವವರಿಗೆ ನಮ್ಮ ಮತ ದೆಹಲಿಗೇ. ಕರ್ನಾಟಕ ಬಿಡಲಾಗದವರಿಗೆ ಮಣಿಪಾಲದಲ್ಲೂ ಎರಡು ವರ್ಷದ ಎಂ.ಎ. ಇದೆ, ಶುಲ್ಕ ಖಾಸಗಿಯದು. ಕೆಲಸ ಮಾಡಿ, ಪ್ರಶ್ನೆ ಗಟ್ಟಿಯಾದವರು ಲಂಡನ್ನಿಗೆ ಹೋಗಲಿ. ಅವರು ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬೇಕು: 2,800 ಗಂಟೆ ಕೆಲಸದ ಅನುಭವ ಕೇಳುತ್ತಾರೆ, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು.