ಅಡಿಕೆ ಸುಲಿಯುವಾಗ ಕೇಳಿದ ಮೂರು ರಾಕ್ ಆಲ್ಬಂ: ನನ್ನ ಓಟು ದಿ ಕ್ಯೂರ್‌ಗೆ

ಮೊದಲೇ ಹೇಳಿಬಿಡ್ತೀನಿ. ಈಚಿನ ಎರಡು ಮೂರು ವರ್ಷದಲ್ಲಿ ರಾಕ್ ಆಲ್ಬಂಗಳಿಗೆ ನಾನು ಸುರಿದ ದುಡ್ಡಿನಲ್ಲಿ ಪೂರ್ತಿ ಸಾರ್ಥಕ ಅನ್ನಿಸಿದ್ದು ದಿ ಕ್ಯೂರ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ಗೆ ಕೊಟ್ಟಿದ್ದು ಮಾತ್ರ. ಅದನ್ನ ತಗೊಂಡಿದ್ದು ಸಿಡಿಯಲ್ಲಿ, ಸಾವಿರ ಚಿಲ್ಲರೆ ರೂಪಾಯಿಗೆ. ಅದರ ನಾಲ್ಕು ಪಟ್ಟು ಕೊಟ್ಟು ತರಿಸಿದ ಮೆಟಾಲಿಕಾದ ‘72 ಸೀಸನ್ಸ್’ ಡಬಲ್ ಎಲ್‌ಪಿ (ಮುಳ್ಳಿಟ್ಟು ನುಡಿಸುವ ದೊಡ್ಡ ತಟ್ಟೆ, ಎರಡರ ಜೋಡಿ) ಆಗಲಿ, ಪಿಂಕ್ ಫ್ಲಾಯ್ಡ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್‌ನ ‘ಲಕ್ ಅಂಡ್ ಸ್ಟ್ರೇಂಜ್’ ಎಲ್‌ಪಿ ಆಗಲಿ ಇದರ ಎದುರು ನಿಲ್ಲಲಿಲ್ಲ. ತಪ್ಪೆಲ್ಲ ಹಾಡಿದವರದ್ದಲ್ಲ. ಅರ್ಧ ತಪ್ಪು ನಮ್ಮನೆ ಇನ್ವರ್ಟರ್‌ದು.

ವಾರವಿಡೀ ನಾನಿರುವುದು ಶಿವಮೊಗ್ಗದ ಬಾಡಿಗೆ ರೂಮಿನಲ್ಲಿ. ಶನಿವಾರ ಸಂಜೆ ಬಸ್ಸು ಹತ್ತಿ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿ ಹತ್ತಿರದ ಮನೆಗೆ ಹೋಗ್ತೀನಿ. ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಆದ ಮೇಲೆ ಎಲ್ಲರೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಏಳುವುದು ಹನ್ನೊಂದರ ಮೇಲೆಯೇ. ಹಾಡು ಕೇಳಲು ನನಗೆ ಸಿಗುವ ಹೊತ್ತು ಅದು. ಮೊಬೈಲಿಗೆ ಸಿಗ್ನಲ್ ಬೇಕಾದರೆ ತೋಟದ ಮೇಲಿನ ದಿಬ್ಬ ಹತ್ತಬೇಕು. ಹಾಗಾಗಿ ಕೈಯಲ್ಲಿ ಹಿಡಿಯುವಂಥ ಆಲ್ಬಂ ತಗೊಳ್ಳೋದು ನನಗೆ ಶೋಕಿಯಲ್ಲ.

ಎಲ್‌ಪಿ ಪ್ಲೇಯರ್ ತಂದ ಮೊದಲ ವಾರವೇ ಸಮಸ್ಯೆ ಶುರುವಾಯಿತು. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಇನ್ವರ್ಟರ್ ಇಲ್ಲದ ಮನೆಯೂ ಕಡಿಮೆ. ಕರೆಂಟ್ ಹೋದ ಕೂಡಲೇ ಸ್ಪೀಕರಿನಲ್ಲಿ ‘ಟಪ್’ ಅಂತ ಒಂದು ಸದ್ದು, ಆಮೇಲೆ ಗುಂಯ್... ಅಂತ ನಿಲ್ಲದ ಝೇಂಕಾರ. ಜೇನುಹುಟ್ಟಿಗೆ ಕಿವಿ ಕೊಟ್ಟ ಹಾಗೆ. ವೈರು ಬದಲಾಯಿಸಿದೆ, ಅರ್ಥಿಂಗ್ ನೋಡಿಸಿದೆ, ಪ್ಲೇಯರನ್ನ ಜಗಲಿಯಿಂದ ನಡುಮನೆಗೆ ಸಾಗಿಸಿದೆ. ಕರೆಂಟ್ ಬಂದರೆ ಮಾಯ, ಹೋದರೆ ಹಾಜರ್.

ಕಾರಣ ತಿಳಿಯೋಕೆ ಒಂದು ತಿಂಗಳು ಬೇಕಾಯಿತು. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಕರೆಂಟನ್ನ ನಯವಾದ ಅಲೆಯಾಗಿ ಕೊಡದೆ ಚೌಕಚೌಕವಾಗಿ ಏರಿಸಿ ಇಳಿಸಿ ಕೊಡುವಂಥದ್ದು. ಲೈಟು, ಫ್ಯಾನಿಗೆ ಅದು ಧಾರಾಳ ಸಾಕು. ಆದರೆ ಎಲ್‌ಪಿ ಮೇಲಿನ ಮುಳ್ಳು ಹುಟ್ಟಿಸುವ ಕರೆಂಟು ಒಂದು ವೋಲ್ಟಿನ ಸಾವಿರದ ಕೆಲವು ಭಾಗ ಅಷ್ಟೇ. ಅದನ್ನ ಸ್ಪೀಕರಿನ ಮಟ್ಟಕ್ಕೆ ಏರಿಸುವಾಗ ಜೊತೆಗೆ ನುಸುಳಿದ ಕೊಳಕೂ ಅಷ್ಟೇ ಪಟ್ಟು ಏರುತ್ತೆ. ಸ್ಕ್ವೇರ್ ವೇವ್‌ನಲ್ಲಿ ಆ ಕೊಳಕು ಹೇರಳ. ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಕಿದರೆ ಸರಿ ಹೋಗುತ್ತೆ, ಆದರೆ ಆ ದುಡ್ಡಿಗೆ ಇನ್ನೂ ಹತ್ತು ಸಿಡಿ ಬಂದು ಮಿಗುತ್ತೆ. ಪ್ಲೇಯರ್ ಮಾರಿದವರಿಗೆ ತಗೊಳ್ಳುವ ಮೊದಲೇ ನಾನು ಇನ್ವರ್ಟರ್ ವಿಷಯ ಕೇಳಿದ್ದೆ. ‘ಏನೂ ತೊಂದರೆ ಇಲ್ಲ ಸಾರ್’ ಅಂದಿದ್ದರು. ಆ ಒಂದು ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಈ ಗುಂಯ್‌ಗೆ ಹೆಚ್ಚು ಬಲಿಯಾದವನು ಗಿಲ್ಮೋರ್. ಒಂಬತ್ತು ವರ್ಷದ ನಂತರ, 2024ರ ಸೆಪ್ಟೆಂಬರಿನಲ್ಲಿ ಬಂದ ಆಲ್ಬಂ ಅದು. ಆಲ್ಬಂನದೇ ಹೆಸರಿರುವ ಹಾಡಿನಲ್ಲಿ ಪಿಂಕ್ ಫ್ಲಾಯ್ಡ್‌ನ ಹಳೇ ಜೊತೆಗಾರ ರಿಚರ್ಡ್ ರೈಟ್ ಕೀಬೋರ್ಡ್ ನುಡಿಸಿದ್ದಾನೆ. ರೈಟ್ ತೀರಿಹೋಗಿದ್ದು 2008ರಲ್ಲಿ. 2007ರಲ್ಲಿ ಗಿಲ್ಮೋರ್ ಮನೆಯ ಕೊಟ್ಟಿಗೆಯಲ್ಲಿ ಎಲ್ಲರೂ ಸೇರಿ ಸುಮ್ಮನೆ ನುಡಿಸಿದ್ದನ್ನ ಹಿಡಿದಿಟ್ಟುಕೊಂಡು ಅದರ ಮೇಲೆ ಈ ಹಾಡು ಕಟ್ಟಿದ್ದಾರೆ. ಪಿಂಕ್ ಫ್ಲಾಯ್ಡ್ ಕೇಳಿ ಬೆಳೆದವರಿಗೆ ಆ ಕೀಬೋರ್ಡಿನ ಸ್ವರ ಬಂದ ಕೂಡಲೇ ಕೈಯಲ್ಲಿನ ಕೆಲಸ ನಿಲ್ಲುತ್ತೆ. ಮಗಳು ರೋಮನಿ ಹಾರ್ಪ್ ನುಡಿಸುತ್ತಾ ಹಾಡಿದ ‘ಬಿಟ್ವೀನ್ ಟೂ ಪಾಯಿಂಟ್ಸ್’ ಇನ್ನೂ ನಾಜೂಕು. ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳಬೇಕಾದ ಹಾಡು. ನಮ್ಮನೆಯಲ್ಲಿ ತಂತಿ ಕೇಳಲ್ಲ, ಜೇನುಹುಟ್ಟು ಕೇಳುತ್ತೆ. ಇದನ್ನ ಎಲ್‌ಪಿಯಲ್ಲಿ ತಗೊಂಡಿದ್ದು ನನ್ನದೇ ತಪ್ಪು ಆಯ್ಕೆ. ಆಲ್ಬಂನಲ್ಲಿ ಕೊರತೆ ಇಲ್ಲ.

ಮೆಟಾಲಿಕಾಕ್ಕೆ ಆ ತೊಂದರೆಯೇ ಇಲ್ಲ. ಗಿಟಾರು ಶುರುವಾದರೆ ಯಾವ ಗುಂಯ್ ಕೂಡ ಮುಳುಗಿಹೋಗುತ್ತೆ. ಇದರ ಕಷ್ಟ ಬೇರೆ. ಹನ್ನೆರಡು ಹಾಡು, 77 ನಿಮಿಷ, ಎರಡು ತಟ್ಟೆ, ನಾಲ್ಕು ಮಗ್ಗುಲು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು. ಹಸಿ ಅಡಿಕೆ ಸುಲಿದ ಕೈ ಹೇಗಿರುತ್ತೆ ಅಂತ ಸುಲಿದವರಿಗೆ ಗೊತ್ತು: ಬೆರಳ ಸಂದಿಯಲ್ಲೆಲ್ಲ ಕಪ್ಪು ಕಲೆ, ಉಗುರಲ್ಲಿ ನಾರು, ಸೋಪಿಗೂ ಬಗ್ಗದ ಅಂಟು. ಆ ಕೈಯಲ್ಲಿ ಎಲ್‌ಪಿ ಮುಟ್ಟುವ ಹಾಗಿಲ್ಲ. ಬಚ್ಚಲಿಗೆ ಹೋಗಿ ತೊಳೆದು, ಒರೆಸಿ, ಮಗುಚಿ, ಮತ್ತೆ ಬಂದು ಕೂರುವಷ್ಟರಲ್ಲಿ ಪಕ್ಕದವರ ಬುಟ್ಟಿ ತುಂಬಿರುತ್ತೆ. ಕೊನೆಯ ಹಾಡು ‘ಇನಾಮೊರಾಟಾ’ ಹನ್ನೊಂದು ನಿಮಿಷಕ್ಕೂ ಮೀರಿದ್ದು, ಮೆಟಾಲಿಕಾದ ಹಾಡುಗಳಲ್ಲೇ ಅತಿ ಉದ್ದದ್ದು, ಈ ಆಲ್ಬಂನಲ್ಲೇ ಒಳ್ಳೆಯದು. ಅದನ್ನ ತಲುಪುವ ಹೊತ್ತಿಗೆ ನಾನು ಮೂರು ಸಲ ಎದ್ದಿರ್ತೀನಿ.

ಹಾಗಂತ ಮೆಟಾಲಿಕಾ ಮೇಲೆ ನನಗೆ ಅಸಡ್ಡೆ ಇಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನುಡಿಸಿದಾಗ ಅಣ್ಣನೂ ನಾನೂ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿದ್ವಿ. ಈ ಡಬಲ್ ಎಲ್‌ಪಿ ತಗೊಂಡಿದ್ದೂ ಆ ದಿನದ ನೆನಪಿಗೇ. ಎಪ್ಪತ್ತೆರಡು ಋತು ಅಂದರೆ ಬದುಕಿನ ಮೊದಲ ಹದಿನೆಂಟು ವರ್ಷ ಅನ್ನುವುದು ಅವರ ಲೆಕ್ಕ. ವರ್ಷಕ್ಕೆ ಆರು ಋತು ಎಣಿಸುವ ನಮಗೆ ಅದು ಹನ್ನೆರಡೇ ವರ್ಷ. ಹಾಡುಗಳನ್ನೂ ಅದೇ ಪ್ರಮಾಣದಲ್ಲಿ ಇಳಿಸಿದ್ದರೆ ಆಲ್ಬಂ ಬಿಗಿಯಾಗ್ತಿತ್ತು ಅಂತ ನನಗೆ ನಿಜಕ್ಕೂ ಅನ್ನಿಸಿದೆ.

ರೋಲಿಂಗ್ ಸ್ಟೋನ್ಸ್‌ನ ‘ಹ್ಯಾಕ್ನಿ ಡೈಮಂಡ್ಸ್’ (2023) ಶಿವಮೊಗ್ಗದ ರೂಮಿನಲ್ಲಿ ಮೊಬೈಲಲ್ಲೇ ಕೇಳಿದ್ದು. 80 ತುಂಬಿದ ಮಿಕ್ ಜಾಗರ್‌ನ ದನಿಯ ಕಸುವು ಬೆರಗು ಹುಟ್ಟಿಸುತ್ತೆ. ತೀರಿಹೋದ ಚಾರ್ಲಿ ವಾಟ್ಸ್‌ನ ಡ್ರಮ್ಸ್ ಎರಡು ಹಾಡಿನಲ್ಲಿದೆ, ಆ ಎರಡಕ್ಕಾಗಿ ಮತ್ತೆ ಕೇಳಬಹುದು. ದುಡ್ಡು ಕೊಟ್ಟು ತಗೊಳ್ಳಲ್ಲ.

ಲಿಂಕಿನ್ ಪಾರ್ಕ್‌ನ ‘ಫ್ರಮ್ ಜೀರೋ’ ಅಣ್ಣನ ಮಗನಿಗೆ ಇಷ್ಟ, ನನಗೆ ಹತ್ತಲಿಲ್ಲ.

ಈಗ ಕ್ಯೂರ್. 2024ರ ನವೆಂಬರ್ 1ಕ್ಕೆ, ಸರಿಯಾಗಿ ದೀಪಾವಳಿ ವಾರದಲ್ಲಿ ಬಂತು. ಹದಿನಾರು ವರ್ಷದ ನಂತರದ ಆಲ್ಬಂ, ಇರುವುದು ಎಂಟೇ ಹಾಡು, 49 ನಿಮಿಷ. ಅಣ್ಣ ಬಿಟ್ಟುಹೋದ ಹಳೇ ಸಿಡಿ ಪ್ಲೇಯರ್ ದೊಡ್ಡ ಟಾರ್ಚಿನ ಸೆಲ್ಲಿನಲ್ಲಿ ಓಡುತ್ತೆ. ಇನ್ವರ್ಟರಿನ ಹಂಗಿಲ್ಲ, ಮಗುಚುವ ಕೆಲಸ ಇಲ್ಲ. ಒಮ್ಮೆ ಗುಂಡಿ ಒತ್ತಿ ಕೂತರೆ ಆಯಿತು.

ಈ ಆಲ್ಬಂಗೆ ಅವಸರವೇ ಇಲ್ಲ. ಮೊದಲ ಹಾಡು ‘ಅಲೋನ್’ನಲ್ಲಿ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದು ಮೂರು ನಿಮಿಷ ಕಳೆದ ಮೇಲೆ. ಕೊನೆಯ ‘ಎಂಡ್‌ಸಾಂಗ್’ನಲ್ಲಿ ಆರು ನಿಮಿಷ ಬರೀ ವಾದ್ಯ. ರೂಮಿನಲ್ಲಿ ಮೊಬೈಲು ಹಿಡಿದು ಕೇಳಿದಾಗ ಇದೆಂಥ ಎಳೆತ ಅನ್ನಿಸಿತ್ತು. ಸುಲಿಯುತ್ತಾ ಕೇಳಿದಾಗ ಕೈಗೆ ಒಂದು ಲಯ ಸಿಕ್ಕಿತು. ಸೈಮನ್ ಗ್ಯಾಲಪ್‌ನ ಬೇಸ್ ಗಿಟಾರ್ ನೆಲದಡಿ ನೀರು ಹರಿದ ಹಾಗೆ ಹೋಗ್ತಾ ಇರುತ್ತೆ, ನಾವೂ ಅದರ ಜೊತೆ ಹೋಗ್ತೀವಿ. ದನಿ ಬರುವಾಗ, ಎಷ್ಟೋ ಹೊತ್ತಿನಿಂದ ಸುಮ್ಮನೆ ಕೂತಿದ್ದವರು ಮಾತಾಡಿದ ಹಾಗೆ ಬರುತ್ತೆ.

‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಸ್ಮಿತ್ ತನ್ನ ಅಣ್ಣ ರಿಚರ್ಡ್ ತೀರಿಹೋದಾಗಿನ ದುಃಖಕ್ಕೆ ಬರೆದಿದ್ದು. ಪಿಯಾನೋದ ನಾಲ್ಕಾರು ಸ್ವರ ಬಂದಲ್ಲಿಗೇ ಮತ್ತೆ ಮತ್ತೆ ಬರುತ್ತೆ. ಆ ರಾತ್ರಿ ಅತ್ತಿಗೆ ನನ್ನ ಪಕ್ಕದ ಮೆಟ್ಟುಗತ್ತಿಯಲ್ಲಿದ್ದರು. ಅವರಿಗೆ ಇಂಗ್ಲಿಷ್ ಹಾಡಿನ ಗೋಜಿಲ್ಲ.

‘ಎಂತ ಹಾಡ್ತಾನೆ ಅವ?’ ಅಂದರು.

‘ಅವನ ಅಣ್ಣ ತೀರ್ಕೊಂಡಿದ್ದು ಅತ್ತಿಗೆ.’

ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಎರಡು ಅಡಿಕೆ ಸುಲಿದು ಬುಟ್ಟಿಗೆ ಹಾಕಿ, ‘ಮುಗಿದ ಮೇಲೆ ಇನ್ನೊಂದ್ಸಲ ಹಾಕಿ’ ಅಂದರು. ನಮ್ಮ ಅಣ್ಣ ಹೋಗಿ ಆಗ ಮೂರನೇ ಕೊಯ್ಲು.

ಇದರ ಮೇಲೆ ಬೇರೆ ಆಲ್ಬಂಗಳಿಗೆ ನಾನು ಎಷ್ಟು ಅಂಕ ಕೊಟ್ಟರೂ ಅದು ಸಮ ಆಗಲ್ಲ. ಆದರೂ ಲೆಕ್ಕ ಹೇಳಬೇಕಲ್ಲ: ಪೇಟೆಯಲ್ಲಿದ್ದು, ಒಳ್ಳೇ ಕರೆಂಟಿದ್ದು, ನಾಲ್ಕು ಸಾವಿರ ಮಿಕ್ಕಿದ್ದರೆ ಗಿಲ್ಮೋರ್‌ನ ಎಲ್‌ಪಿ ಕಣ್ಮುಚ್ಚಿ ತಗೊಳ್ಳಿ. ಮೆಟಾಲಿಕಾ ಸಿಡಿಯಲ್ಲಿ ಸಾಕು. ನನ್ನ ಹಾಗೆ ಕೈಗೆ ಕೆಲಸ ಇರುವಾಗ ಕೇಳುವವರು ಕ್ಯೂರ್ ಸಿಡಿ ತಗೊಂಡು, ಉಳಿದ ದುಡ್ಡಿಗೆ ಸೆಲ್ಲು ತಗೊಳ್ಳಿ. ನನ್ನ ಎರಡೂ ಎಲ್‌ಪಿ, ಪ್ಲೇಯರು ಮಳೆಗಾಲಕ್ಕೆ ಮೊದಲೇ ಶಿವಮೊಗ್ಗದ ರೂಮಿಗೆ ಹೋದವು. ಮನೆಯಲ್ಲೇ ಇಟ್ಟಿದ್ದರೆ ಕವರಿಗೆ ಬೂಸ್ಟು ಹಿಡೀತಿತ್ತು. ಸಿಡಿ ಮಾತ್ರ ಅತ್ತಿಗೆಯ ಹತ್ತಿರ, ಜಗಲಿಯ ಗೂಡಿನಲ್ಲಿದೆ.